ಹೈದರನಿಗೆ ಒದಗದ ಕಡಲ ಬಲ

ಬೂದಿಕೋಟೆಯಲ್ಲಿ ಜನಿಸಿ, ಅಕ್ಷರಾಭ್ಯಾಸವಿಲ್ಲದೆಯೇ ಮೈಸೂರಿನ ಸರ್ವಾಧಿಕಾರಿಯಾದ ಹೈದರಾಲಿಯನ್ನು ಕೇವಲ ಕುದುರೆದಂಡಿನ ಸರದಾರನೆಂದು ಬಗೆಯುವವರುಂಟು. 1763ರಲ್ಲಿ ಬಿದನೂರನ್ನು ಗೆದ್ದು, ಮಂಗಳೂರು ಕೈಸೇರಿದ ಬಳಿಕ ಆತನು ಹಡಗುಗಳನ್ನು ಕಟ್ಟಿಸತೊಡಗಿದುದನ್ನು ಅವರು ಮರೆಯುತ್ತಾರೆ.

1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ದಂಡು ನಿರ್ನಾಮವಾಯಿತು. ಆದರೆ ಡಿಸೆಂಬರಿನಲ್ಲಿಯೇ ಆಂಗ್ಲ ನೌಕಾಧಿಪತಿ ಹ್ಯೂಸನು ಮಂಗಳೂರಿನ ರೇವಿನಲ್ಲಿದ್ದ ಮೈಸೂರಿನ ನಾವೆಗಳನ್ನು ನಾಶಪಡಿಸಿದನು. ಮರುತಿಂಗಳು ಫ್ರೆಂಚರ ಡಾರ್ವನು ಹಡಗುಗಳೊಡನೆ ಚೋಳಮಂಡಲ ತೀರಕ್ಕೆ ಬಂದನು. ಆಗ ಹ್ಯೂಸನಿದ್ದುದು ಪಶ್ಚಿಮದಲ್ಲಿ. ಕಡಲೂರಿನಲ್ಲಿದ್ದ ಜನರಲ್ ಕೂಟನ ಸೈನ್ಯಕ್ಕೆ ಅನ್ನ ಬರಬೇಕಾದುದು ಸಮುದ್ರದಿಂದಲೇ. ಡಾರ್ವನು ಕೆಲವು ವಾರ ನಿಂತಿದ್ದರೆ ಕೂಟನು ಹಸಿವಿನಿಂದಲೇ ಶರಣಾಗುತ್ತಿದ್ದನೆಂದು ನಾವು ನಂಬುತ್ತೇವೆ. ಹೈದರನು ಎಷ್ಟು ಒತ್ತಾಯಿಸಿದರೂ ಆತನು ನಿಲ್ಲದೆ ಫೆಬ್ರವರಿಯಲ್ಲಿ ಮಾರಿಷಸ್ಸಿಗೆ ಹೊರಟುಹೋದನು. 1781ರ ಜುಲೈ 1ರಂದು ಪರಂಗಿಪೇಟೆಯಲ್ಲಿ ಜಯವು ಅದೇ ಕೂಟನದಾಯಿತು!

ಸಫ್ರೆನನಂತಹ ನಿಜವಾದ ನೌಕಾವೀರನು ಬಂದುದು 1782ರಲ್ಲಿ. ಆ ಒಂದೇ ವರ್ಷದಲ್ಲಿ ಆತನು ಹ್ಯೂಸನೊಡನೆ ನಾಲ್ಕು ಬಾರಿ ಕಾದಿದನು, ತ್ರಿಂಕೋಮಲೆಯನ್ನು ಹಿಡಿದನು, ಕಡಲೂರಿನ ಬಳಿ ಹೈದರನನ್ನು ಕಂಡನು. ಮಂಗಳೂರಿನ ನಾವೆಗಳು ಉಳಿದಿದ್ದು ಇವನ ಬಲದೊಡನೆ ಕೂಡಿದ್ದರೆ? ಅವು ಆಂಗ್ಲರ ಯುದ್ಧನೌಕೆಗಳಿಗೆ ಎದುರು ನಿಲ್ಲುವಂತಹವಲ್ಲ, ನಿಜ. ಆದರೆ ಮದರಾಸಿಗೆ ಅಕ್ಕಿ ತರುವ ಹಡಗುಗಳನ್ನು ತಡೆಯಲು ಸಾಲುತ್ತಿದ್ದವು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡನು. ಅಂದು ಸಫ್ರೆನನ ಹಡಗುಗಳು ದೂರದ ಸುಮಾತ್ರದಲ್ಲಿ, ಅಚೀನದ ರೇವಿನಲ್ಲಿ ತಂಗಿದ್ದವು.