ಫರ್ನ್‌ಹಿಲ್ಲಿನ ಗುರು: ನಟರಾಜ ಗುರುಗಳ ಬದುಕು ಮತ್ತು ಬೋಧನೆ

ಉದಕಮಂಡಲದ ಫರ್ನ್‌ಹಿಲ್ ಎಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಮೈಸೂರು ಮಹಾರಾಜರ ಬೇಸಿಗೆಯ ಅರಮನೆ. ಅದೇ ಫರ್ನ್‌ಹಿಲ್ಲಿನಲ್ಲಿ ನಾರಾಯಣ ಗುರುಕುಲವೆಂಬ ಇನ್ನೊಂದು ತಾಣವಿದೆ. ಅರಮನೆಯ ವೈಭವ ಅದಕ್ಕಿಲ್ಲ. ಆದರೆ ಶಿಕ್ಷಣವೆಂದರೇನು, ಶಿಕ್ಷಕನೆಂದರೆ ಯಾರು ಎಂಬ ಪ್ರಶ್ನೆಗಳಿಗೆ ತನ್ನ ಇಡೀ ಆಯುಷ್ಯವನ್ನು ತೆತ್ತ ಒಬ್ಬ ತತ್ತ್ವಜ್ಞಾನಿಯ ಕರ್ಮಭೂಮಿ ಅದು. ನಮ್ಮ ಶಾಲೆಗೆ ನೂರು ವರ್ಷ ತುಂಬಿರುವ ಈ ಹೊತ್ತಿನಲ್ಲಿ, ಇದೇ ಬೆಟ್ಟಗಳ ನಡುವೆ 1923ರಲ್ಲಿ ಗುರುಕುಲವನ್ನು ಆರಂಭಿಸಿದ ನಟರಾಜ ಗುರುಗಳನ್ನು ಸ್ಮರಿಸುವುದು ಉಚಿತವಾಗಿದೆ.

ನಟರಾಜನ್ ಅವರು 1895ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆ ಡಾಕ್ಟರ್ ಪಲ್ಪು ತಿರುವಾಂಕೂರಿನವರು. ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದಿದ್ದರೂ, ಈಳವ ಸಮುದಾಯದಲ್ಲಿ ಹುಟ್ಟಿದ ಒಂದೇ ಕಾರಣಕ್ಕೆ ಅವರಿಗೆ ಸ್ವಂತ ಸಂಸ್ಥಾನದಲ್ಲಿ ಸರ್ಕಾರಿ ಕೆಲಸ ದೊರೆಯಲಿಲ್ಲ. ಅವರನ್ನು ಬರಮಾಡಿಕೊಂಡದ್ದು ಮೈಸೂರು ಸಂಸ್ಥಾನ. 1898ರಲ್ಲಿ ಬೆಂಗಳೂರನ್ನು ಪ್ಲೇಗ್ ಆವರಿಸಿದಾಗ, ಜನರು ಊರು ಬಿಟ್ಟು ಓಡುತ್ತಿದ್ದ ಕಾಲದಲ್ಲಿ, ಪಲ್ಪು ರೋಗಿಗಳ ನಡುವೆ ನಿಂತು ದುಡಿದರು. ಮುಂದೆ ಸಂಸ್ಥಾನದ ನೆರವಿನಿಂದಲೇ ಉನ್ನತ ವ್ಯಾಸಂಗಕ್ಕೆ ಇಂಗ್ಲೆಂಡಿಗೂ ಹೋಗಿ ಬಂದರು. ತನಗಾದ ಅನ್ಯಾಯವನ್ನು ಅವರು ಮರೆತು ಕೂಡಲಿಲ್ಲ. 1896ರಲ್ಲಿ ತಮ್ಮ ಸಮುದಾಯದ ಹದಿಮೂರು ಸಾವಿರಕ್ಕೂ ಹೆಚ್ಚು ಜನರ ಸಹಿಯುಳ್ಳ ಮನವಿಯನ್ನು ತಿರುವಾಂಕೂರಿನ ದೊರೆಗೆ ಸಲ್ಲಿಸಿದರು. 1903ರಲ್ಲಿ ನಾರಾಯಣ ಗುರುಗಳ ನೇತೃತ್ವದಲ್ಲಿ ರೂಪುಗೊಂಡ ಧರ್ಮ ಪರಿಪಾಲನ ಯೋಗಂ ಸಂಸ್ಥೆಯ ಹಿಂದೆಯೂ ಅವರ ಶ್ರಮವಿತ್ತು.

ಹೀಗೆ ಕಲಿತವನಿಗೂ ಬಾಗಿಲು ಮುಚ್ಚಿಕೊಳ್ಳಬಹುದೆಂಬ ಕಟುಸತ್ಯ ಆ ಮನೆಯ ಮಕ್ಕಳಿಗೆ ಎಳವೆಯಿಂದಲೇ ತಿಳಿದಿತ್ತು. ಜಾತಿಯ ಗೋಡೆಗಳನ್ನು ದಾಟಿ ಮನುಷ್ಯರೆಲ್ಲರೂ ಒಂದೆಂದು ಸಾರಿದ ನಾರಾಯಣ ಗುರುಗಳ ಪರಿಚಯವೂ ತಂದೆಯ ಮೂಲಕವೇ ಒದಗಿತ್ತು. ನಟರಾಜನ್ ಸಿಂಹಳದ ಕ್ಯಾಂಡಿಯಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದರು, ಶಿಕ್ಷಕ ತರಬೇತಿಯನ್ನೂ ಪೂರೈಸಿದರು. ಅಂತಹ ವಿದ್ಯಾರ್ಹತೆಯುಳ್ಳ ತರುಣನಿಗೆ ಆ ಕಾಲದಲ್ಲಿ ಉದ್ಯೋಗದ ದಾರಿ ಸುಗಮವಾಗಿಯೇ ಇತ್ತು. ಅವರು ಅದನ್ನು ಬಿಟ್ಟು ನಾರಾಯಣ ಗುರುಗಳ ಶಿಷ್ಯರಾದರು. ಗುರುಗಳ ಆಶೀರ್ವಾದ ಪಡೆದು 1923ರಲ್ಲಿ ನೀಲಗಿರಿಯಲ್ಲಿ ಗುರುಕುಲವನ್ನು ಆರಂಭಿಸಿದರು. ಬಡ ಮಕ್ಕಳನ್ನು ಕೂಡಿಸಿಕೊಂಡು, ಅವರೊಡನೆಯೇ ಉಂಡು, ಅವರೊಡನೆಯೇ ಬಾಳುತ್ತಾ ಪಾಠ ಹೇಳುವುದು ಅವರ ಉದ್ದೇಶವಾಗಿತ್ತು.

1928ರಲ್ಲಿ ನಟರಾಜನ್ ಯೂರೋಪಿಗೆ ತೆರಳಿದರು. ಅದೇ ವರ್ಷ ಸೆಪ್ಟೆಂಬರ್ 20ರಂದು ನಾರಾಯಣ ಗುರುಗಳು ವರ್ಕಲದ ಶಿವಗಿರಿಯಲ್ಲಿ ಸಮಾಧಿಸ್ಥರಾದರು. ದೂರದೇಶದಲ್ಲಿದ್ದ ಶಿಷ್ಯನು ಗುರುವಿನ ಋಣವನ್ನು ಲೇಖನಿಯ ಮೂಲಕ ತೀರಿಸತೊಡಗಿದನು. ಜಿನೀವಾದ ಒಂದು ತ್ರೈಮಾಸಿಕದಲ್ಲಿ ನಾರಾಯಣ ಗುರುಗಳ ಜೀವನವನ್ನೂ ತತ್ತ್ವವನ್ನೂ ಕುರಿತು ಸರಣಿ ಲೇಖನಗಳನ್ನು ಬರೆದು ಪಶ್ಚಿಮದ ಓದುಗರಿಗೆ ಪರಿಚಯಿಸಿದನು. ಜೀವನೋಪಾಯಕ್ಕಾಗಿ ಜಿನೀವಾ ಸರೋವರದ ತೀರದ ಗ್ಲಾಂಡ್ ಎಂಬಲ್ಲಿದ್ದ ಅಂತರರಾಷ್ಟ್ರೀಯ ಶಾಲೆಯೊಂದರಲ್ಲಿ ಶಿಕ್ಷಕನಾದನು. ಮೊದಲ ಮಹಾಯುದ್ಧದ ಗಾಯ ಇನ್ನೂ ಮಾಯದಿದ್ದ ಯೂರೋಪಿನಲ್ಲಿ, ಬೇರೆ ಬೇರೆ ದೇಶಗಳ ಮಕ್ಕಳು ಒಂದೇ ಸೂರಿನಡಿ ಕಲಿಯುವುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು.

ಪಾಠ ಹೇಳುತ್ತಲೇ ಅವರು ಪ್ಯಾರಿಸ್ಸಿನ ಸೋರ್ಬಾನ್ ವಿಶ್ವವಿದ್ಯಾಲಯಕ್ಕೆ ಫ್ರೆಂಚ್ ಭಾಷೆಯಲ್ಲಿ ಮಹಾಪ್ರಬಂಧವೊಂದನ್ನು ಸಿದ್ಧಪಡಿಸಿ ಡಾಕ್ಟರೇಟ್ ಪಡೆದರು. ಶಿಕ್ಷಣದ ಪ್ರಕ್ರಿಯೆಯಲ್ಲಿ ವ್ಯಕ್ತಿಯ ಪಾತ್ರವೇನು ಎಂಬುದು ಅದರ ವಿಷಯ. ಜಿನೀವಾದಲ್ಲೇ ಹುಟ್ಟಿದ ರೂಸೋನ ಶಿಕ್ಷಣ ಚಿಂತನೆಯೂ ಫ್ರೆಂಚ್ ತತ್ತ್ವಜ್ಞಾನಿ ಬೆರ್ಗ್ಸಾನನ ವಿಚಾರಗಳೂ ಅವರ ಮೇಲೆ ಪ್ರಭಾವ ಬೀರಿದ್ದವು. ಮಗುವಿನ ಮೇಲೆ ವಿದ್ಯೆಯನ್ನು ಹೇರದೆ, ಅದರ ಸಹಜ ಬೆಳವಣಿಗೆಗೆ ಅಡ್ಡಿಯಾಗುವುದನ್ನು ದೂರವಿಡುವುದೇ ಶಿಕ್ಷಕನ ಮೊದಲ ಕರ್ತವ್ಯ ಎಂಬ ರೂಸೋನ ನಿಲುವು ಅವರಿಗೆ ನಮ್ಮ ಉಪನಿಷತ್ತುಗಳ ಗುರುಶಿಷ್ಯ ಪರಂಪರೆಗೆ ಸಮೀಪವಾಗಿ ಕಂಡಿತು. ಅಯಸ್ಕಾಂತಕ್ಕೆ ಎರಡು ಧ್ರುವಗಳಿರುವಂತೆ ವಿದ್ಯೆಗೂ ಗುರು ಮತ್ತು ಶಿಷ್ಯರೆಂಬ ಎರಡು ಧ್ರುವಗಳಿವೆ. ಅವೆರಡರ ನಡುವೆ ಶ್ರದ್ಧೆ ಮತ್ತು ಪ್ರೀತಿಯ ಸಂಬಂಧ ಏರ್ಪಡದಿದ್ದರೆ ಕಟ್ಟಡ, ಪುಸ್ತಕ, ಪರೀಕ್ಷೆಗಳೆಲ್ಲವೂ ನಿಷ್ಫಲ. ಇದು ಅವರ ಶಿಕ್ಷಣ ತತ್ತ್ವದ ತಿರುಳು.

1933ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಸೋರ್ಬಾನಿನ ಪದವಿ ಕೈಯಲ್ಲಿತ್ತು. ಆದರೆ ಕೆಲಸವನ್ನರಸಿ ಅಲೆದರೂ ತಕ್ಕ ಸ್ಥಾನ ಸಿಗಲಿಲ್ಲ. ತಂದೆಗೆ ಒಮ್ಮೆ ಮುಚ್ಚಿದ್ದ ಬಾಗಿಲು ಬೇರೊಂದು ರೀತಿಯಲ್ಲಿ ಮಗನಿಗೂ ಮುಚ್ಚಿಕೊಂಡಿತು. ಫರ್ನ್‌ಹಿಲ್ಲಿನ ಗುರುಕುಲವೂ ಮೊದಲಿನಂತೆ ಉಳಿದಿರಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೆ ಆ ಕನಸನ್ನು ಕೈಬಿಡುತ್ತಿದ್ದರೇನೋ. ನಟರಾಜನ್ ಬೆಟ್ಟಕ್ಕೇ ಹಿಂದಿರುಗಿದರು. ನೀಲಗಿರಿಯ ಚಳಿ, ಮಂಜು, ಜಡಿಮಳೆಗಳ ನಡುವೆ ಅತ್ಯಂತ ಸರಳವಾದ ವಾಸದಲ್ಲಿ ವರ್ಷಗಟ್ಟಲೆ ಏಕಾಂತವಾಗಿ ಬಾಳಿದರು. ಓದು, ಮನನ, ಬರವಣಿಗೆಗಳೇ ಅವರ ಸಂಗಾತಿಗಳಾದವು. ಲೌಕಿಕ ದೃಷ್ಟಿಯಲ್ಲಿ ಅದು ಸೋಲಿನ ಕಾಲ. ಅವರ ಮುಂದಿನ ಕೃತಿಗಳಿಗೆಲ್ಲ ಬೇರು ಇಳಿದದ್ದು ಆ ಕಾಲದಲ್ಲಿಯೇ.

ಕ್ರಮೇಣ ಶಿಷ್ಯರು ತಾವಾಗಿ ಹುಡುಕಿಕೊಂಡು ಬರತೊಡಗಿದರು. ಸ್ಕಾಟ್ಲೆಂಡಿನ ಜಾನ್ ಸ್ಪಿಯರ್ಸ್ ಹಾಗೆ ಬಂದವರಲ್ಲಿ ಪ್ರಮುಖರು. ಅವರು ಬೆಂಗಳೂರಿನ ಬಳಿಯ ಕಗ್ಗಲೀಪುರದ ಗುರುಕುಲದಲ್ಲಿ ನೆಲೆಸಿ, 1955ರಿಂದ ವ್ಯಾಲ್ಯೂಸ್ ಎಂಬ ಇಂಗ್ಲಿಷ್ ಮಾಸಪತ್ರಿಕೆಯನ್ನು ನಡೆಸಿದರು. ಗುರುಗಳ ಅನೇಕ ಬರಹಗಳು ಮೊದಲು ಬೆಳಕು ಕಂಡದ್ದು ಆ ಪತ್ರಿಕೆಯಲ್ಲಿ. ಕೇರಳದಿಂದ ಬಂದ ನಿತ್ಯಚೈತನ್ಯ ಯತಿಗಳು ಗುರುಗಳ ಶಿಷ್ಯರಾಗಿ, ಮುಂದೆ ಮಲಯಾಳಂ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ವಿಪುಲವಾಗಿ ಬರೆದರು. ಅವರು 1999ರಲ್ಲಿ ದೇಹ ಬಿಟ್ಟದ್ದು ಫರ್ನ್‌ಹಿಲ್ಲಿನಲ್ಲೇ. ಗುರುಗಳದು ಮೆದುಮಾತಿನ ಸ್ವಭಾವವಾಗಿರಲಿಲ್ಲ. ಶಿಷ್ಯರನ್ನು ಕಟುವಾಗಿ ಗದರುತ್ತಿದ್ದರು. ಅವರ ಬಳಿ ಉಳಿಯುವುದು ಸುಲಭವಾಗಿರಲಿಲ್ಲವೆಂದು ಶಿಷ್ಯರೇ ಬರೆದಿದ್ದಾರೆ. ಆದರೂ ಉಳಿದವರು ಕೊನೆಯವರೆಗೂ ಉಳಿದರು.

ಎರಡನೆಯ ಮಹಾಯುದ್ಧದ ನಂತರ ಜಗತ್ತು ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ಎರಡು ಬಣಗಳಾಗಿ ಒಡೆದು, ಅಣ್ವಸ್ತ್ರದ ಭೀತಿ ಎಲ್ಲೆಡೆ ಹರಡಿತು. ಒಂದೊಂದು ಬಣವೂ ತನ್ನ ಸಿದ್ಧಾಂತವನ್ನೇ ಮಕ್ಕಳ ತಲೆಯಲ್ಲಿ ತುಂಬಲು ಹವಣಿಸುತ್ತಿದ್ದ ಕಾಲವದು. ಫರ್ನ್‌ಹಿಲ್ಲಿನ ಈ ಶಿಕ್ಷಕರು ಯಾವ ಬಣಕ್ಕೂ ಸೇರದೆ, ಮಾನವಕುಲ ಒಂದೇ ಎಂಬ ತಮ್ಮ ಗುರುವಿನ ತತ್ತ್ವವನ್ನು ರಾಜಕೀಯಕ್ಕೂ ಶಿಕ್ಷಣಕ್ಕೂ ವಿಸ್ತರಿಸಿದರು. 1948ರಲ್ಲಿ ಪ್ಯಾರಿಸ್ಸಿನಲ್ಲಿ ಅಮೆರಿಕದ ಪೌರತ್ವವನ್ನು ತ್ಯಜಿಸಿ ತನ್ನನ್ನು ವಿಶ್ವಪ್ರಜೆಯೆಂದು ಘೋಷಿಸಿಕೊಂಡ ಗ್ಯಾರಿ ಡೇವಿಸ್ ಅವರ ಸಂಪರ್ಕಕ್ಕೆ ಬಂದದ್ದು ಆ ಹಿನ್ನೆಲೆಯಲ್ಲಿ. ವಿಶ್ವಸರ್ಕಾರವನ್ನು ಕುರಿತ ನಿವೇದನೆಯನ್ನೂ ವಿಶ್ವಶಿಕ್ಷಣದ ಪ್ರಣಾಳಿಕೆಯನ್ನೂ ಗುರುಗಳು ರಚಿಸಿದರು.

ಅವರ ತಾತ್ತ್ವಿಕ ಸಾಧನೆಯ ಶಿಖರವೆಂದರೆ ನಾರಾಯಣ ಗುರುಗಳ ದರ್ಶನಮಾಲೆಯನ್ನು ಆಧರಿಸಿದ ಬೃಹದ್ಗ್ರಂಥ. ಹತ್ತು ಅಧ್ಯಾಯಗಳ, ನೂರು ಶ್ಲೋಕಗಳ ಆ ಪುಟ್ಟ ಸಂಸ್ಕೃತ ಕೃತಿಯಲ್ಲಿ ಆಧುನಿಕ ವಿಜ್ಞಾನವನ್ನೂ ವೇದಾಂತವನ್ನೂ ಬೆಸೆಯಬಲ್ಲ ಚೌಕಟ್ಟನ್ನು ಅವರು ಕಂಡರು. ಅನುಭವವನ್ನು ಅವರು ಎರಡು ರೇಖೆಗಳ ಮೂಲಕ ವಿವರಿಸುತ್ತಿದ್ದರು. ಅಡ್ಡರೇಖೆ ವ್ಯವಹಾರದ್ದು, ಅಲ್ಲಿ ಪದಾರ್ಥಗಳು ಅಕ್ಕಪಕ್ಕದಲ್ಲಿದ್ದು ಪೈಪೋಟಿ ನಡೆಸುತ್ತವೆ. ಲಂಬರೇಖೆ ಮೌಲ್ಯಗಳದ್ದು, ಅಲ್ಲಿ ಒಂದು ಇನ್ನೊಂದನ್ನು ತಳ್ಳುವುದಿಲ್ಲ, ಬೆಳೆಸುತ್ತದೆ. ಶಾಲೆಯ ಮಾತಿನಲ್ಲಿ ಹೇಳುವುದಾದರೆ ಹಾಜರಿ ಪುಸ್ತಕ, ವೇಳಾಪಟ್ಟಿ, ಅಂಕಪಟ್ಟಿಗಳು ಅಡ್ಡರೇಖೆಯಲ್ಲಿರುತ್ತವೆ; ಮಗುವಿನೊಳಗೆ ಅರಿವು ಮೂಡುವ ಬಗೆ ಲಂಬರೇಖೆಯಲ್ಲಿರುತ್ತದೆ. ಭಗವದ್ಗೀತೆಗೂ ಸೌಂದರ್ಯಲಹರಿಗೂ ಅವರು ಇದೇ ದೃಷ್ಟಿಯಿಂದ ಭಾಷ್ಯ ಬರೆದರು. ಗೀತಾಭಾಷ್ಯ 1961ರಲ್ಲಿ ಪ್ರಕಟವಾಯಿತು.

ಇಳಿವಯಸ್ಸಿನಲ್ಲಿ ಅವರು ವರ್ಕಲದ ಗುರುಕುಲದಲ್ಲಿ ಬ್ರಹ್ಮವಿದ್ಯೆಯ ಅಧ್ಯಯನ ಕೇಂದ್ರವನ್ನು ಕಟ್ಟುವ ಕೆಲಸದಲ್ಲಿ ತೊಡಗಿದರು. 1973ರಲ್ಲಿ ಅಲ್ಲಿಯೇ ಸಮಾಧಿಸ್ಥರಾದರು. ಅವರ ಆತ್ಮಕಥೆ ಪುಸ್ತಕರೂಪದಲ್ಲಿ ಹೊರಬಂದದ್ದು ಅನಂತರ.

ಮಕ್ಕಳ ಶಾಲೆಯಾಗಿ ನೋಡಿದರೆ ನಟರಾಜ ಗುರುಗಳ ಮೊದಲ ಪ್ರಯತ್ನ ಹೆಚ್ಚು ಕಾಲ ಬಾಳಲಿಲ್ಲವೆಂದೇ ಹೇಳಬೇಕು. ಆದರೆ ಗುರುವಿನಿಂದ ಶಿಷ್ಯನಿಗೆ, ಆ ಶಿಷ್ಯನಿಂದ ಮತ್ತೊಬ್ಬನಿಗೆ ಹರಿಯುವ ವಿದ್ಯೆಯ ಧಾರೆಯಾಗಿ ನೋಡಿದರೆ ಅದು ನೂರು ವರ್ಷ ದಾಟಿ ಇಂದಿಗೂ ನಡೆದಿದೆ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ಇಂದಿನ ದಿನಗಳಲ್ಲಿ, ಗಡಿನಾಡಿನ ಈ ಬೆಟ್ಟದ ಮೇಲೆ ಪಾಠ ಹೇಳುವವರಿಗೂ ಮಕ್ಕಳನ್ನು ಇಲ್ಲಿಗೆ ಕಳುಹಿಸುವ ತಂದೆತಾಯಂದಿರಿಗೂ ಈ ಬದುಕಿನಲ್ಲಿ ಧೈರ್ಯವಿದೆ. ಇಲ್ಲಿ ಕಲಿತು ಹೋದ ಹಳೆಯ ವಿದ್ಯಾರ್ಥಿಗಳು ತಮ್ಮ ಬಾಲ್ಯವನ್ನು ನೆನೆದಾಗ ಮನಸ್ಸಿಗೆ ಮೊದಲು ಬರುವುದು ಯಾವುದೋ ಒಬ್ಬ ಮೇಷ್ಟ್ರ ಅಥವಾ ಟೀಚರ ಮುಖ. ಪ್ಯಾರಿಸ್ಸಿನ ವಿದ್ವಾಂಸರ ಮುಂದೆ ನಟರಾಜ ಗುರುಗಳು ಪ್ರತಿಪಾದಿಸಿದ ಸಂಗತಿಯೂ ಅದೇ ಆಗಿತ್ತು.