ಓಲಂಡ್ ದ್ವೀಪದ ರಕ್ತಸ್ರಾವ ಮತ್ತು ಡಾ. ವಾನ್ ವಿಲ್ಲೆಬ್ರಾಂಡ್

ಹಾವೇರಿ: ಟಾನ್ಸಿಲ್ ತೆಗೆಸಲು, ಹಲ್ಲು ಕೀಳಿಸಲು ಇಲ್ಲವೇ ಸಿಸೇರಿಯನ್ ಹೆರಿಗೆಗೆಂದು ಆಸ್ಪತ್ರೆ ಸೇರುವವರಿಗೆ ಬಿಟಿ, ಸಿಟಿ ಎಂಬ ಎರಡು ರಕ್ತಪರೀಕ್ಷೆಗಳ ಹೆಸರು ಪರಿಚಿತ. ಚುಚ್ಚಿದ ಗಾಯದಿಂದ ರಕ್ತ ಎಷ್ಟು ಹೊತ್ತು ಒಸರುತ್ತದೆ, ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಅಳೆಯುವ ಪರೀಕ್ಷೆಗಳಿವು. ಈ ಪೈಕಿ ಮೊದಲನೆಯದರ ನೆರವಿನಿಂದ, ಸುಮಾರು ನೂರು ವರ್ಷಗಳ ಹಿಂದೆ ಫಿನ್ಲೆಂಡಿನ ವೈದ್ಯರೊಬ್ಬರು ಅದುವರೆಗೆ ಹೆಸರೇ ಇಲ್ಲದಿದ್ದ ಆನುವಂಶಿಕ ಕಾಯಿಲೆಯೊಂದನ್ನು ಗುರುತಿಸಿದರು. ಇಂದು ಆ ಕಾಯಿಲೆ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಎರಿಕ್ ಅಡಾಲ್ಫ್ ವಾನ್ ವಿಲ್ಲೆಬ್ರಾಂಡ್ ಜನಿಸಿದ್ದು 1870ರ ಫೆಬ್ರವರಿ 1ರಂದು, ಫಿನ್ಲೆಂಡಿನ ಕರಾವಳಿ ಪಟ್ಟಣವಾದ ವಾಸಾದಲ್ಲಿ. ತಂದೆ ಎಂಜಿನಿಯರ್. ಹೆಲ್ಸಿಂಕಿಯಲ್ಲಿ ವೈದ್ಯಕೀಯ ವ್ಯಾಸಂಗ ಮಾಡುತ್ತಿದ್ದ ದಿನಗಳಲ್ಲಿ, 1894 ಮತ್ತು 1895ರ ಬೇಸಿಗೆಗಳನ್ನು ಅವರು ಓಲಂಡ್ ದ್ವೀಪಸಮೂಹದ ಮರಿಯಾಹಾಮ್ನಿನ ಆರೋಗ್ಯಧಾಮದಲ್ಲಿ ಕಿರಿಯ ವೈದ್ಯರಾಗಿ ಕಳೆದರು. ಅದೇ ದ್ವೀಪಗಳು ಮೂರು ದಶಕಗಳ ನಂತರ ತಮ್ಮ ಹೆಸರನ್ನು ಉಳಿಸಲಿವೆ ಎಂದು ಆ ತರುಣ ಎಣಿಸಿರಲಾರ. 1899ರಲ್ಲಿ ಡಾಕ್ಟರೇಟ್ ಪಡೆದದ್ದು ರಕ್ತ ನಷ್ಟವಾದ ಬಳಿಕ ದೇಹದಲ್ಲಿ ಆಗುವ ಬದಲಾವಣೆಗಳ ಕುರಿತಾದ ಪ್ರಬಂಧಕ್ಕೆ. 1908ರಿಂದ ಹೆಲ್ಸಿಂಕಿಯ ಡೀಕನೆಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ವಿಭಾಗದ ಮುಖ್ಯಸ್ಥರಾಗಿದ್ದರು. ಮಧುಮೇಹಕ್ಕೆ ಇನ್ಸುಲಿನ್ ಬಂದ ಆರಂಭದಲ್ಲೇ ಅದನ್ನು ಬಳಸಿದ ಫಿನ್ಲೆಂಡಿನ ವೈದ್ಯರಲ್ಲಿ ಅವರೂ ಒಬ್ಬರು.

1924ರಲ್ಲಿ ಅವರ ಬಳಿಗೆ ಹ್ಯೋರ್ಡಿಸ್ ಎಂಬ ಐದು ವರ್ಷದ ಬಾಲಕಿಯನ್ನು ಕರೆತರಲಾಯಿತು. ಊರು ಓಲಂಡಿನ ಫೊಗ್ಲೊ. ಮೂರನೆಯ ವಯಸ್ಸಿನಲ್ಲಿ ಬಿದ್ದು ತುಟಿ ಒಡೆದುಕೊಂಡಾಗ ದಿನಗಟ್ಟಲೆ ರಕ್ತ ನಿಲ್ಲದೆ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಅವಳ ಒಡಹುಟ್ಟಿದವರಲ್ಲಿ ಕೆಲವರು ಎಳೆವೆಯಲ್ಲೇ ರಕ್ತಸ್ರಾವದಿಂದ ತೀರಿಕೊಂಡಿದ್ದರು. ತಂದೆಯ ಮನೆತನದಲ್ಲೂ ತಾಯಿಯ ಮನೆತನದಲ್ಲೂ ಇಂಥದೇ ಕಥೆಗಳಿದ್ದವು.

ಅಂದು ತಿಳಿದಿದ್ದ ವಂಶಪಾರಂಪರ್ಯ ರಕ್ತಸ್ರಾವದ ರೋಗವೆಂದರೆ ಮುಖ್ಯವಾಗಿ ಕುಸುಮರೋಗ, ಅಂದರೆ ಹಿಮೋಫಿಲಿಯಾ. ಅದು ಕಾಡುವುದು ಬಹುತೇಕ ಗಂಡುಮಕ್ಕಳನ್ನು. ಇಲ್ಲಿ ಹೆಣ್ಣುಮಕ್ಕಳೇ ಸಾಯುತ್ತಿದ್ದರು. ವಾನ್ ವಿಲ್ಲೆಬ್ರಾಂಡ್ ಒಬ್ಬ ರೋಗಿಯಲ್ಲಿ ನಿಲ್ಲದೆ ಇಡೀ ವಂಶವೃಕ್ಷವನ್ನೇ ಕೆದಕಿದರು. ಯಾರಿಗೆ ಮೂಗಿನಿಂದ ಪದೇಪದೇ ರಕ್ತ ಸುರಿಯುತ್ತಿತ್ತು, ಯಾರಿಗೆ ಮುಟ್ಟಿನ ಸ್ರಾವ ಮಿತಿಮೀರುತ್ತಿತ್ತು, ಬಾಣಂತನದಲ್ಲಿ ಯಾರು ತೀರಿಕೊಂಡರು ಎಂಬ ವಿವರ ಕಲೆಹಾಕಿದರು. 66 ಮಂದಿಯ ಪೈಕಿ 23 ಮಂದಿಗೆ ತೊಂದರೆಯಿತ್ತು, ಅವರಲ್ಲಿ ಹೆಂಗಸರೇ ಹೆಚ್ಚು. ರಕ್ತದ ಕಿರುಬಿಲ್ಲೆಗಳ ಸಂಖ್ಯೆ ಸರಿಯಾಗಿದ್ದರೂ ರಕ್ತ ಒಸರುವ ಅವಧಿ ಮಾತ್ರ ವಿಪರೀತ ದೀರ್ಘವಾಗಿತ್ತು. ಇದು ಹಿಮೋಫಿಲಿಯಾ ಅಲ್ಲ, ಬೇರೆಯೇ ರೋಗವೆಂದು ಅವರು 1926ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪ್ರಕಟಿಸಿದರು. ಹ್ಯೋರ್ಡಿಸ್ ಉಳಿಯಲಿಲ್ಲ. 13ನೆಯ ವಯಸ್ಸಿನಲ್ಲಿ, ಋತುಮತಿಯಾದ ಬಳಿಕದ ನಾಲ್ಕನೆಯ ಮುಟ್ಟಿನಲ್ಲಿ, ರಕ್ತಸ್ರಾವದಿಂದಲೇ ಅಸುನೀಗಿದಳು.

ಕಾರಣದ ಕುರಿತು ಅವರ ಊಹೆ ಪೂರ್ಣ ನಿಜವಾಗಲಿಲ್ಲ. ದೋಷವಿರುವುದು ಕಿರುಬಿಲ್ಲೆಗಳಲ್ಲಿ ಮತ್ತು ರಕ್ತನಾಳದ ಗೋಡೆಯಲ್ಲಿ ಎಂದು ಅವರು ಭಾವಿಸಿದ್ದರು. ಕೊರತೆಯಿರುವುದು ಪ್ಲಾಸ್ಮಾದ ಅಂಶವೊಂದರಲ್ಲಿ ಎಂಬುದು 1950ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರಿಂದ ತಿಳಿದುಬಂತು. ಆ ಪ್ರೋಟೀನು ಕಿರುಬಿಲ್ಲೆಗಳನ್ನು ಗಾಯದ ಜಾಗಕ್ಕೆ ಅಂಟಿಸುತ್ತದೆ, ಹೆಪ್ಪುಗಟ್ಟಿಸುವ ಎಂಟನೆಯ ಅಂಶವನ್ನು ಕಾಪಾಡುತ್ತದೆ. ಅದನ್ನು ತಿಳಿಯಲು ಅವರು ಬದುಕಿರಲಿಲ್ಲ. 1949ರ ಸೆಪ್ಟೆಂಬರ್ 12ರಂದು ನಿಧನ ಹೊಂದಿದ್ದರು.

ಅವರು ನೆಚ್ಚಿದ್ದ ರಕ್ತಸ್ರಾವದ ಅವಧಿಯ ಪರೀಕ್ಷೆ ಶಸ್ತ್ರಚಿಕಿತ್ಸೆಯ ಅಪಾಯವನ್ನು ಮುಂಗಾಣಲು ಸಾಲದೆಂಬುದು ಈಗ ತಜ್ಞರ ಒಮ್ಮತ. ಸೌಮ್ಯ ಪ್ರಮಾಣದ ಕಾಯಿಲೆ ಇದ್ದವರಲ್ಲಿ ಬಿಟಿ, ಸಿಟಿ ಎರಡೂ ಸಹಜವಾಗಿಯೇ ಬರಬಹುದು. ಪರೀಕ್ಷೆ ಹಿಂದೆ ಸರಿದರೂ ಅವರ ವಿಚಾರಣೆ ಮಾತ್ರ ಉಳಿಯಿತು. ಹಲ್ಲು ಕೀಳಿಸಿದಾಗ ಎಷ್ಟು ಹೊತ್ತು ರಕ್ತ ಹೋಯಿತು, ಮುಟ್ಟಿನ ಸ್ರಾವ ಹೇಗೆ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ಮೊದಲು ಕೇಳಿ, ಸಂಶಯ ಬಂದರೆ ವಾನ್ ವಿಲ್ಲೆಬ್ರಾಂಡ್ ಅಂಶದ ಪ್ರಮಾಣ, ಅದರ ಕಾರ್ಯಕ್ಷಮತೆ ಮತ್ತು ಎಂಟನೆಯ ಅಂಶವನ್ನು ಅಳೆಯುವುದು ಇಂದಿನ ಕ್ರಮ. ಗರ್ಭಿಣಿಯರಲ್ಲಿ, ಒತ್ತಡದಲ್ಲಿ ಇರುವವರಲ್ಲಿ ಪ್ರಮಾಣ ತಾತ್ಕಾಲಿಕವಾಗಿ ಏರುವುದರಿಂದ ಒಂದೇ ಪರೀಕ್ಷೆಯನ್ನು ನಂಬುವಂತಿಲ್ಲ.

ಸೋದರಮಾವ, ಸೋದರತ್ತೆಯ ಮಕ್ಕಳೊಂದಿಗೆ ಮದುವೆಯಾಗುವ ರೂಢಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಗೂ ಹೊಸದಲ್ಲ. ತಂದೆ, ತಾಯಿ ಇಬ್ಬರಿಂದಲೂ ದೋಷಪೂರಿತ ವಂಶವಾಹಿ ಬಂದಾಗ ಹ್ಯೋರ್ಡಿಸಳಿಗಿದ್ದಂಥ ತೀವ್ರ ರೂಪದ ಕಾಯಿಲೆ ಕಾಣಿಸುತ್ತದೆ. ರಕ್ತಸಂಬಂಧದ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು. ಮುಟ್ಟಿನ ತೊಂದರೆಯನ್ನು ಮನೆಯ ಹೆಂಗಸರು ವೈದ್ಯರೆದುರೂ ಬಾಯಿಬಿಡದಿರುವುದು ಇದಕ್ಕೆ ಸೇರುವ ಇನ್ನೊಂದು ಅಡಚಣೆ.

1977ರಲ್ಲಿ ಇಟಲಿಯ ವೈದ್ಯರು ಡೆಸ್ಮೋಪ್ರೆಸಿನ್ ಔಷಧ ಈ ರೋಗಿಗಳಲ್ಲಿ ಕೊರತೆಯಿರುವ ಅಂಶವನ್ನು ಕೆಲಕಾಲ ಏರಿಸಬಲ್ಲದೆಂದು ತೋರಿಸಿದರು. ತೀವ್ರ ರೂಪದ ಕಾಯಿಲೆಗೆ ಅದು ನಾಟುವುದಿಲ್ಲ. ಅಂಥವರಿಗೆ ಶಸ್ತ್ರಚಿಕಿತ್ಸೆಗೆ ಮುನ್ನವೇ ಆ ಅಂಶವುಳ್ಳ ಸಾಂದ್ರೀಕೃತ ಔಷಧವನ್ನು ಹೊಂದಿಸಿಟ್ಟುಕೊಳ್ಳಬೇಕಾಗುತ್ತದೆ. ಈ ಭಾಗದ ಕುಟುಂಬಗಳಿಗೆ ಮಾರ್ಗದರ್ಶನಕ್ಕೆ ಹತ್ತಿರದಲ್ಲಿರುವುದು ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ.