ಮಂತ್ರಿ ದುರ್ಗಸಿಂಹನ ಓದು

ಪಟಾನ್‌ಚೆರುವಿನಲ್ಲಿ ನೆಲೆಸಿರುವ ನಾವು ಕಾರ್ಖಾನೆ, ಕಚೇರಿ, ಬ್ಯಾಂಕುಗಳ ಕೆಲಸವನ್ನು ನೆಚ್ಚಿ ಬಂದವರು. ಪರವೂರಿನಲ್ಲಿದ್ದೇವೆಂಬ ಭಾವನೆ ನಮ್ಮಲ್ಲಿ ಅನೇಕರಿಗುಂಟು. ಆದರೆ ಸಾವಿರ ವರ್ಷಗಳ ಹಿಂದೆ ಕಲ್ಯಾಣದ ಚಾಲುಕ್ಯರ ನೆಲೆವೀಡಾಗಿದ್ದ ಪೊಟ್ಟಳಕೆರೆಯೇ ಈ ಊರೆಂದು ಇತಿಹಾಸಜ್ಞರು ಗುರುತಿಸಿದ್ದಾರೆ. 1015ರಲ್ಲಿ ಪಟ್ಟವೇರಿದ ಜಗದೇಕಮಲ್ಲ ಜಯಸಿಂಹನ ರಾಜಧಾನಿ ಇದು. ಆ ಅರಸನ ಮಂತ್ರಿಯಾಗಿದ್ದ ಕವಿ ದುರ್ಗಸಿಂಹನನ್ನು ಈ ರಾಜ್ಯೋತ್ಸವದ ಶುಭ ಸಂದರ್ಭದಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

ದುರ್ಗಸಿಂಹನೂ ಹುಟ್ಟೂರನ್ನು ಬಿಟ್ಟು ಅರಸನ ಸೇವೆಗೆ ಬಂದವನೇ. ಕಿಸುಕಾಡು ನಾಡಿನ ಸಯ್ಯಡಿ ಎಂಬ ಅಗ್ರಹಾರ ಅವನ ಊರು. ಇಂದಿನ ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಸವಡಿಯೇ ಅದು. ದೊಡ್ಡ ಪದವಿಗೇರಿದ ಮೇಲೂ ಅವನು ಊರನ್ನು ಮರೆಯಲಿಲ್ಲ. ಅಲ್ಲಿ ಹರಿಗೂ ಹರನಿಗೂ ದೇವಾಲಯಗಳನ್ನು ಕಟ್ಟಿಸಿದನು.

ಅವನ ಹುದ್ದೆಯ ಹೆಸರು ಸಂಧಿವಿಗ್ರಹಿ. ಎಂದರೆ ಯಾರೊಡನೆ ಒಪ್ಪಂದ, ಯಾರೊಡನೆ ಯುದ್ಧ ಎಂಬ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ ಮಂತ್ರಿ. ರಾಜಶಾಸನಗಳನ್ನು ಬರೆಯಿಸುವುದೂ ಸಾಮಾನ್ಯವಾಗಿ ಈ ಅಧಿಕಾರಿಯ ಕೆಲಸವೇ. ಅದು ನೆಮ್ಮದಿಯ ಕಾಲವೂ ಅಲ್ಲ. ದಕ್ಷಿಣದಿಂದ ರಾಜೇಂದ್ರ ಚೋಳ, ಉತ್ತರದಿಂದ ಧಾರೆಯ ಭೋಜರಾಜ ಚಾಲುಕ್ಯ ರಾಜ್ಯದ ಮೇಲೆ ಕಣ್ಣಿಟ್ಟಿದ್ದರು. 1021ರ ಸುಮಾರಿಗೆ ಮಸ್ಕಿಯಲ್ಲಿ ಚೋಳರೊಡನೆ ಘೋರ ಯುದ್ಧವೇ ನಡೆಯಿತು. ಇಂಥ ರಾಜ್ಯದ ಸಂಧಿವಿಗ್ರಹಿಗೆ ಬಿಡುವಾದರೂ ಎಷ್ಟಿದ್ದೀತು?

ಆದರೂ ಅವನು ಓದಿದನು. ತನ್ನ ಗ್ರಂಥದ ಮೊದಲಲ್ಲಿ ವಾಲ್ಮೀಕಿ, ವ್ಯಾಸ, ಗುಣಾಢ್ಯ, ಕಾಳಿದಾಸ, ಬಾಣರನ್ನು ನೆನೆಯುತ್ತಾನೆ. ಕನ್ನಡದ ಶ್ರೀವಿಜಯ, ಅಸಗ, ಪಂಪ, ಗಜಾಂಕುಶರನ್ನೂ ಗೌರವಿಸುತ್ತಾನೆ. ಇವರಲ್ಲಿ ಅಸಗ, ಗಜಾಂಕುಶರ ಕನ್ನಡ ಕಾವ್ಯಗಳು ಇಂದು ನಮಗೆ ದೊರೆತಿಲ್ಲ. ಆ ಹೆಸರುಗಳಾದರೂ ಉಳಿದು ಬಂದುದರಲ್ಲಿ ಈ ಮಂತ್ರಿಯ ಓದಿಗೂ ಪಾಲುಂಟು.

ಸುಮಾರು 1031ರಲ್ಲಿ ಅವನು ಕನ್ನಡ ಪಂಚತಂತ್ರವನ್ನು ರಚಿಸಿದನು. ನಾವೆಲ್ಲ ಬಲ್ಲ ವಿಷ್ಣುಶರ್ಮನ ಕೃತಿಯನ್ನಲ್ಲ, ವಸುಭಾಗಭಟ್ಟನೆಂಬವನ ಸಂಸ್ಕೃತ ಗ್ರಂಥವನ್ನು ಅನುಸರಿಸಿದನು. ಆ ಮೂಲ ಈಗ ಲಭ್ಯವಿಲ್ಲ. ಅದರ ನೆರಳು ಜಾವಾ ದ್ವೀಪದ ಕಥೆಗಳಲ್ಲಿಯೂ ಕಾಣುತ್ತದೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬವು ಅವನ ಐದು ತಂತ್ರಗಳು. ಗಮನಿಸಿ: ಇವೆಲ್ಲ ಸಂಧಿವಿಗ್ರಹಿಯು ದಿನವೂ ಕಂಡಿರಬೇಕಾದ ಸಂಗತಿಗಳೇ. ಅವನ ಕಚೇರಿ ಅವನ ಓದಿಗೆ ಶತ್ರುವಾಗಲಿಲ್ಲ, ಅರ್ಥವನ್ನು ಒದಗಿಸಿತು ಎಂದು ನಮಗೆ ತೋರುತ್ತದೆ.

ಅದರಲ್ಲಿನ ಧರ್ಮಬುದ್ಧಿ, ದುಷ್ಟಬುದ್ಧಿಯರ ಕಥೆಯನ್ನು ಹಲವರು ಶಾಲೆಯಲ್ಲಿ ಓದಿರಬಹುದು. ಇಬ್ಬರು ಕೂಡಿ ಗಳಿಸಿ ಆಲದ ಮರದಡಿ ಹೂಳಿಟ್ಟ ಹಣವನ್ನು ಒಬ್ಬ ಕದ್ದು, ಮರವನ್ನೇ ಸಾಕ್ಷಿಗೆ ಕರೆದು, ಪೊಟರೆಯಲ್ಲಿ ತಂದೆಯನ್ನು ಅಡಗಿಸಿಟ್ಟು ಸುಳ್ಳು ಹೇಳಿಸುತ್ತಾನೆ. ಕೊನೆಗೆ ಹೊಗೆ ಹಾಕಿದಾಗ ನಿಜ ಹೊರಬೀಳುತ್ತದೆ. ಬಾಲ್ಯದಲ್ಲಿ ಇದನ್ನು ಓದಿ ನಕ್ಕಿದ್ದೆವು. ಬ್ಯಾಂಕಿನಲ್ಲಿ ಹತ್ತು ವರ್ಷ ಕಳೆದ ಮೇಲೆ ಪುನಃ ಓದಿದಾಗ ನಗು ಬರಲಿಲ್ಲ. ಪಾಲುದಾರರ ಜಂಟಿ ಖಾತೆಯ ಜಗಳಗಳು ಕಣ್ಣ ಮುಂದೆ ಬಂದುವು.

ಆ ಪುನರ್ಓದಿಗೂ ಒಂದು ಕಾರಣವಿದೆ. ಮದುವೆಗೆ ಮೊದಲು ತಿಂಗಳಿಗೆ ನಾಲ್ಕು ಪುಸ್ತಕ ಓದುತ್ತಿದ್ದ ನಾವು ಕಳೆದ ವರ್ಷ ಒಂದನ್ನೂ ಮುಗಿಸಲಿಲ್ಲ. ಕೆಲಸ, ಮಾರುಕಟ್ಟೆ, ಮಗಳ ಪಾಠ, ಭಾನುವಾರದ ಕೇರಂ, ಉಳಿದ ವೇಳೆಗೆ ಕೈಯಲ್ಲಿನ ಫೋನು. ಒಮ್ಮೆ ಮಗಳು ಕಪಾಟಿನ ಪುಸ್ತಕವನ್ನು ತೋರಿಸಿ, ಇದು ಯಾವ ಲಿಪಿ ಎಂದು ಕೇಳಿದಳು. ತೆಲುಗನ್ನೂ ಇಂಗ್ಲಿಷನ್ನೂ ಓದಬಲ್ಲ ಮಗು ಅದು. ತಪ್ಪು ಅವಳದಲ್ಲ, ಅವಳೆದುರಿಗೆ ನಾವು ಕನ್ನಡ ಪುಸ್ತಕ ತೆರೆದುದೇ ಇರಲಿಲ್ಲ.

ಅಂದಿನಿಂದ ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ ಪಂಚತಂತ್ರದ ಹೊಸಗನ್ನಡ ಕಥೆಯೊಂದನ್ನು ಗಟ್ಟಿಯಾಗಿ ಓದುತ್ತೇವೆ. ಕೇರಂ ಬಿಟ್ಟಿಲ್ಲ, ಮಾರುಕಟ್ಟೆಗೆ ಹೋಗುವುದೂ ತಪ್ಪಿಲ್ಲ. ಮಗಳು ಈಗ ಅಕ್ಷರ ಕೂಡಿಸಿ ಶೀರ್ಷಿಕೆಗಳನ್ನು ಓದುತ್ತಾಳೆ. ಪೊಟ್ಟಳಕೆರೆಯ ಅರಸನ ಮಂತ್ರಿಗೆ ಓದಲು ವೇಳೆ ದೊರೆಯಿತಾದರೆ ಪಟಾನ್‌ಚೆರುವಿನ ನಮಗೂ ದೊರೆಯದಿರಲಾರದು. ಸಂಘದ ಬಂಧುಗಳೆಲ್ಲರ ಮನೆಗಳಲ್ಲಿಯೂ ಇಂದು ರಾತ್ರಿ ಒಂದು ಕನ್ನಡ ಪುಸ್ತಕ ತೆರೆಯಲೆಂದು ಹಾರೈಸುತ್ತೇವೆ.